ಮೂರು ತುಂಡಾದ ಬೆಂಕಿಕಡ್ಡಿ

ಅಕ್ಕನನ್ನು ಕಳೆದುಕೊಂಡ ಹುಡುಗಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಒಂದು ದಿನವಲ್ಲ, ಹನ್ನೊಂದು ದಿನ, ಬೆಳಗ್ಗೆ ಠಾಣೆಯ ಮೆಟ್ಟಿಲು ಹತ್ತಿದಾಗಿನಿಂದ ಸಂಜೆ ಪೆನ್ನಿಗೆ ಮುಚ್ಚಳ ಹಾಕುವವರೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಹುಟ್ಟಿ, ಆಮೇಲೆ ಅದನ್ನು ನಾನೇ ಕೆಡಿಸುವ ಕೆಲಸ ಬೇಡ.

ನಾನು ಠಾಣೆಯ ರೈಟರ್. ದೂರು, ಮಹಜರು, ಹೇಳಿಕೆ, ಎಲ್ಲವೂ ನನ್ನ ಕೈಯಿಂದಲೇ ಕಾಗದಕ್ಕೆ ಇಳಿಯಬೇಕು. ಕಂಪ್ಯೂಟರ್ ಬಂದು ವರ್ಷಗಳಾದವು, ಆದರೆ ಹೆಣದ ಪಕ್ಕ ನಿಂತು ಬರೆಯುವುದಕ್ಕೆ ಇವತ್ತಿಗೂ ಬೇಕಾಗುವುದು ಒಂದು ಪ್ಯಾಡು, ಒಂದು ಪೆನ್ನು ಮತ್ತು ನಾನು. ಎಲ್ಲರಿಗೂ ನಾನು ರೈಟರಮ್ಮ. ಹೊಸದಾಗಿ ಸೇರಿದವರಿಗೆ ನನ್ನನ್ನು ತೋರಿಸಿ ಮೆಲ್ಲಗೆ ಒಂದು ಕತೆ ಹೇಳುತ್ತಾರೆ: ಇಪ್ಪತ್ತೆರಡು ವರ್ಷದ ಹಿಂದೆ ಇವರ ಅಕ್ಕನ ಕೊಲೆಯಾಯಿತು, ಕೊಲೆಗಾರ ಸಿಗಲಿಲ್ಲ, ಅದಕ್ಕೇ ಇವರು ಪೊಲೀಸ್ ಸೇರಿದರು. ಹೊಸಬರು ಎದ್ದು ನಿಂತು ಕುರ್ಚಿ ಕೊಡುತ್ತಾರೆ. ಆ ಕುರ್ಚಿಯಲ್ಲಿ ನಾನು ಆರಾಮಾಗಿ ಕೂತುಕೊಂಡೇ ಬಂದಿದ್ದೆ.

ಅವತ್ತು ಮಂಗಳವಾರ. ಹತ್ತೂವರೆಗೆ ಫೋನ್ ಬಂತು. ಮಹಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಸತ್ತುಬಿದ್ದಿದ್ದಾಳೆ ಎಂದರು. ನನ್ನಕ್ಕನೂ ಅದೇ ಕೆಲಸ ಮಾಡುತ್ತಿದ್ದಳು, ಅವಳದೂ ಎರಡೇ ಕೋಣೆ.

ನಾವು ಹೋದಾಗ ಬಾಗಿಲಲ್ಲಿ ಒಬ್ಬ ಹುಡುಗಿ ಎರಡೂ ಕೈಯನ್ನು ಚೌಕಟ್ಟಿಗೆ ಒತ್ತಿ, ಒಳಗೆ ಬೆನ್ನು ಮಾಡಿ ನಿಂತಿದ್ದಳು. ಸತ್ತವಳ ತಂಗಿ. ವಸ್ತುಸಂಗ್ರಹಾಲಯದಲ್ಲಿ ಕಾವಲಿನ ಕೆಲಸ, ಅದೇ ಸಮವಸ್ತ್ರದಲ್ಲಿದ್ದಳು. ಡ್ಯೂಟಿಗೆ ಹೋಗುವ ಮುಂಚೆ ಅಕ್ಕನನ್ನು ನೋಡಲು ಬಂದವಳು, ಬಾಗಿಲು ತಳ್ಳಿ, ನೋಡಿ, ಒಂದೇ ಒಂದು ಹೆಜ್ಜೆ ಒಳಗಿಡದೆ ಅಲ್ಲೇ ನಿಂತುಬಿಟ್ಟಿದ್ದಳು. ನಲವತ್ತು ನಿಮಿಷ. ಅಕ್ಕಪಕ್ಕದವರು ಬಂದರು, ಮನೆಯ ಮಾಲೀಕ ಬಂದ, ಯಾರನ್ನೂ ಬಿಡಲಿಲ್ಲ. ಮುಟ್ಟಬೇಡಿ, ಮುಟ್ಟಬೇಡಿ ಎಂದು ದಿನಕ್ಕೆ ಇನ್ನೂರು ಸಲ ಹೇಳುವುದೇ ಅವಳ ಕೆಲಸವಂತೆ, ಅವತ್ತೂ ಅದನ್ನೇ ಹೇಳಿದಳಂತೆ.

ಇನ್ಸ್‌ಪೆಕ್ಟರ್ ಸಾಹೇಬರು ನನಗಿಂತ ಹತ್ತು ವರ್ಷ ಚಿಕ್ಕವರು, ಹೊಗಳಿಕೆಯಲ್ಲಿ ಬಲು ಜಿಪುಣರು. ಅವರು ಆ ಹುಡುಗಿಯ ಮುಂದೆ ಟೋಪಿ ತೆಗೆದು, “ನೀನು ಅರ್ಧ ಕೇಸು ಗೆಲ್ಲಿಸಿಕೊಟ್ಟೆ ಕಣಮ್ಮಾ,” ಎಂದರು. ನನಗೆ ಅಲ್ಲಿಂದಲೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

ಒಳಗೆ ಎಲ್ಲವೂ ಇದ್ದ ಹಾಗೇ ಇತ್ತು. ಕಾಲಿನಿಂದ ತುಳಿಯುವ ಮೆಷಿನ್, ಸೂಜಿಯ ಕೆಳಗೆ ಅರ್ಧ ಹೊಲಿದ ಶಾಲೆಯ ಅಂಗಿಯ ತೋಳು. ನೆಲದಲ್ಲಿ ಅವಳು. ಅಳತೆಯ ಟೇಪು ಕುತ್ತಿಗೆಗೆ ಬಿಗಿದಿತ್ತು. ಮೇಜಿನ ಮೇಲೆ ಎರಡು ಸ್ಟೀಲ್ ಲೋಟ, ಎರಡರಲ್ಲೂ ಚಹಾದ ಕಲೆ. ಸಾಹೇಬರು ಒಂದೊಂದಾಗಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಂದು, ಲೋಟ, ಅರ್ಧ ಖಾಲಿ. ಎರಡು, ಲೋಟ, ಪೂರ್ತಿ ಖಾಲಿ, ತಳದಲ್ಲಿ ಸುಟ್ಟ ಬೆಂಕಿಕಡ್ಡಿಯ ಚೂರುಗಳು. ಎಷ್ಟು ಚೂರು ಎಂದು ಕೇಳಿದೆ. ಸಾಹೇಬರು ಬಗ್ಗಿ ನೋಡಿ, ಮೂರು, ಅಳೆದು ಮುರಿದ ಹಾಗೆ ಸಮವಾಗಿವೆ ಎಂದರು.

ನನ್ನ ಪೆನ್ನು ನಿಂತಿತು. ಶಾಯಿ ಮುಗಿಯಿತು ಎಂದು ಸುಳ್ಳು ಹೇಳಿ, ಜೇಬಿನಿಂದ ಇನ್ನೊಂದು ಪೆನ್ನು ತೆಗೆದೆ.

ಈಗ ನನ್ನಕ್ಕನ ವಿಷಯ ಹೇಳಬೇಕು. ಅವಳು ಗಂಡನನ್ನು ಬಿಟ್ಟು ಬಂದು ಒಬ್ಬಳೇ ಇದ್ದಳು. ಅಷ್ಟಕ್ಕೇ ಬೀದಿಯ ಬಾಯಿಗಳಿಗೆ ಬೇಕಾದಷ್ಟು ಮೇವು. ಆದರೂ ಅಮ್ಮನಿಗೆ ಅವಳೇ ಬಂಗಾರ. ಅವಳ ಹೊಲಿಗೆ ನೋಡು, ಅವಳು ಮನೆ ಇಟ್ಟುಕೊಂಡಿರುವುದು ನೋಡು, ನೀನೂ ಇದ್ದೀಯಲ್ಲ. ಇದನ್ನು ಕೇಳಿಕೊಂಡೇ ನಾನು ಬೆಳೆದೆ. ಅಕ್ಕನೇನೋ ನನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡಳು. ನನಗೂ ಅವಳೆಂದರೆ ಜೀವ, ಜೊತೆಗೇ ಒಂದು ಹಿಡಿ ಹೊಟ್ಟೆಯುರಿ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ, ಅಕ್ಕತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಬೆಳಗ್ಗೆ ನಾನು ಅವಳ ಮನೆಯ ಬಾಗಿಲು ತಳ್ಳಿದಾಗ ಅವಳು ನೆಲದಲ್ಲಿದ್ದಳು, ಮೇಜಿನ ಮೇಲೆ ಎರಡು ಲೋಟ ಇದ್ದವು. ನಾನು ಕೂಗಲಿಲ್ಲ. ಅವಳನ್ನು ಮಡಿಲಿಗೆ ಎಳೆದುಕೊಂಡೆ, ಮುಖ ಒರೆಸಿದೆ, ಕಣ್ಣು ಮುಚ್ಚಿದೆ, ಸರಿದ ಬಟ್ಟೆ ಸರಿಮಾಡಿದೆ. ಆಮೇಲೆ ಲೋಟಗಳನ್ನು ನೋಡಿದೆ, ಒಂದರ ತಳದಲ್ಲಿ ಸುಟ್ಟ ಬೆಂಕಿಕಡ್ಡಿಯ ಚೂರುಗಳಿದ್ದವು. ಯಾರೋ ಗಂಡಸು ಬಂದು, ಕೂತು, ಚಹಾ ಕುಡಿದು, ಬೀಡಿಯನ್ನೂ ಸೇದಿ ಹೋಗಿದ್ದಾನೆ. ನಾಳೆ ಬೀದಿಯೆಲ್ಲ ಆಡಿಕೊಳ್ಳುವುದು ಕೊಲೆಯ ಬಗ್ಗೆ ಅಲ್ಲ, ಆ ಎರಡನೇ ಲೋಟದ ಬಗ್ಗೆ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನನಗೆ ಹೇಳದ ಗುಟ್ಟೊಂದು ಇವಳಿಗಿತ್ತೇ ಎಂದು ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು. ಎರಡೂ ಲೋಟಗಳನ್ನು ಬಚ್ಚಲಿಗೆ ಒಯ್ದು ತಿಕ್ಕಿ ತೊಳೆದೆ. ಮೂರು ತುಂಡು ಕಡ್ಡಿ ನೀರು ಹೋಗುವ ಜಾಲರಿಯಲ್ಲಿ ಸಿಕ್ಕಿಕೊಂಡಿತು. ಅದನ್ನು ಬೆರಳಿನಿಂದ ಒಳಗೆ ತಳ್ಳಿದೆ. ಮೇಜು ಒರೆಸಿದೆ, ನೆಲ ಗುಡಿಸಿದೆ. ಇಷ್ಟೆಲ್ಲ ಮುಗಿಸಿ ಬೀದಿಗೆ ಬಂದು ಅತ್ತೆ.

ಆಗಿನ ಇನ್ಸ್‌ಪೆಕ್ಟರನ್ನು ಊರೆಲ್ಲ ಮೀಸೆ ಸಾಹೇಬರು ಎನ್ನುತ್ತಿತ್ತು. ಅವರು ಬಂದು ಮೂರು ತಿಂಗಳು ಒದ್ದಾಡಿದರು, ಯಾರೂ ಸಿಗಲಿಲ್ಲ. ಅಮ್ಮ ಅಂದಿನಿಂದ ದಿನಾ ಬೆಳಗ್ಗೆ ಎದ್ದು ಮುಖ ತೊಳೆಯುವಾಗ ಆ ಮೀಸೆಯವನಿಗೆ ಹಿಡಿಶಾಪ ಹಾಕುತ್ತಿದ್ದಳು. ಕೈಲಾಗದವನು, ನನ್ನ ಮಗಳ ಕೇಸು ಹಾಳು ಮಾಡಿದವನು ಎನ್ನುತ್ತಿದ್ದಳು. ನಾನು ಟವೆಲು ಹಿಡಿದು ಪಕ್ಕದಲ್ಲಿ ನಿಂತು ಹೌದಮ್ಮ ಎನ್ನುತ್ತಿದ್ದೆ. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿಬಿಟ್ಟಿದ್ದೆ.

ಹೊಸ ಕೇಸು ಹೂವೆತ್ತಿದಂತೆ ಸಾಗಿತು. ಲೋಟದ ಮೇಲೆ ಅಚ್ಚುಕಟ್ಟಾಗಿ ನಾಲ್ಕು ಬೆರಳಿನ ಗುರುತು ಸಿಕ್ಕವು. ಪ್ರಯೋಗಾಲಯದ ವರದಿ ನಾಲ್ಕೇ ದಿನದಲ್ಲಿ ಬಂತು. ನಾನು ಅದನ್ನು ಕಡತಕ್ಕೆ ಪೋಣಿಸುವಾಗ ಹಲ್ಲು ಕಡಿಯುತ್ತಿದ್ದೆ. ನಮ್ಮಕ್ಕನ ಕಡತದಲ್ಲಿ ಇದ್ದದ್ದು ಹದಿನಾರು ಹಾಳೆ, ಇವಳದು ಒಂದೇ ವಾರಕ್ಕೆ ನೂರು ದಾಟಿತ್ತು. ಆಗ ನಮ್ಮಮ್ಮ ಇದೇ ಠಾಣೆಯ ಬೆಂಚಿನ ಮೇಲೆ ಬೆಳಗ್ಗೆಯಿಂದ ಸಂಜೆಯವರೆಗೆ ಕೂತು, ಇವತ್ತು ಏನೂ ಇಲ್ಲ ಹೋಗಮ್ಮ ಎಂಬ ಮಾತು ಕೇಳಿಕೊಂಡು ಬರುತ್ತಿದ್ದಳು. ಈ ಹುಡುಗಿಗೆ ಮಾತ್ರ ಸಾಹೇಬರು ತಾವೇ ಫೋನ್ ಮಾಡಿ ಅಂದಂದಿನ ಸುದ್ದಿ ಹೇಳುತ್ತಿದ್ದರು.

ಅವಳು ಬಂದಾಗಲೆಲ್ಲ ನಾನು ನನ್ನ ಕೈಲಾದಷ್ಟು ಸಣ್ಣತನ ತೋರಿಸಿದೆ. ಅರ್ಧ ಗಂಟೆ ಸುಮ್ಮನೆ ಕಾಯಿಸಿದೆ. ಎಲ್ಲರಿಗೂ ಚಹಾ ತರಿಸಿ ಅವಳ ಕಡೆ ತಟ್ಟೆ ಹೋಗದಂತೆ ನೋಡಿಕೊಂಡೆ. ಅವಳು ಒಮ್ಮೆ, “ಅಕ್ಕಾ, ಇಲ್ಲಿ ಸಹಿ ಮಾಡ್ಲಾ?” ಎಂದು ಕೇಳಿದಾಗ, “ನಾನು ನಿನಗೆ ಅಕ್ಕ ಅಲ್ಲ,” ಎಂದೆ. ಅವಳು ಬೇಜಾರಿಲ್ಲದೆ ತಲೆಯಾಡಿಸಿದಳು, ಮರುದಿನ ಮತ್ತೆ ಅಕ್ಕಾ ಎಂದಳು. ತಪ್ಪೇ ಮಾಡದವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಆ ಮನೆಗೆ ಹೋಗಿಬರುವವರ ಬೆರಳಚ್ಚುಗಳನ್ನೆಲ್ಲ ಹೋಲಿಸಿದಾಗ, ಲೋಟದ ಮೇಲಿನದು ಹೊಲಿಗೆ ಮೆಷಿನ್ ರಿಪೇರಿ ಮಾಡುವವನದು ಎಂದಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಸುತ್ತುವವನು, ಐವತ್ತು ದಾಟಿದವನು, ನೋಡಿದರೆ ಪಾಪ ಅನ್ನಿಸುವಂಥವನು. ಒಂಬತ್ತನೇ ದಿನ ಕರೆತಂದರು. ಸಾಹೇಬರು ಅವನಿಗೆ ಚಹಾ ಕೊಡಿಸಿ, ಬೀಡಿ ಬೆಂಕಿಪೊಟ್ಟಣ ಮುಂದಿಟ್ಟು, ಊರಿನ ಮೆಷಿನ್‌ಗಳ ಬಗ್ಗೆ ಹರಟೆಗೆ ಕೂತರು. ನಾನು ಪಕ್ಕದಲ್ಲಿ ಬರೆಯುತ್ತಿದ್ದೆ. ಅವನು ಬೀಡಿ ಹಚ್ಚಿದ, ಕಡ್ಡಿ ಆರಿಸಿದ, ಮಾತಾಡುತ್ತಲೇ ಅದನ್ನು ಟಕ್ ಟಕ್ ಎಂದು ಮೂರು ತುಂಡು ಮಾಡಿ ಖಾಲಿ ಲೋಟದೊಳಗೆ ಹಾಕಿದ. ತಾನೇನು ಮಾಡಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಸಾಹೇಬರು ನನ್ನ ಕಡೆ ನೋಡಿ, ಬರೆದುಕೊಂಡಿರಾ ಎಂಬಂತೆ ಹುಬ್ಬೇರಿಸಿದರು. ಬರೆದುಕೊಂಡೆ. ಆ ಸಾಲಿನ ಅಕ್ಷರ ಇವತ್ತು ನೋಡಿದರೂ ನನ್ನದಲ್ಲ ಅನ್ನಿಸುತ್ತದೆ.

ಸಂಜೆಯೊಳಗೆ ಒಪ್ಪಿಕೊಂಡ. ಇನ್ನು ಮೇಲೆ ಮನೆಗೆ ಬರಬೇಡ ಎಂದಳು, ಸಿಟ್ಟು ಬಂತು, ಅಷ್ಟೇ ಎಂದ.

ಮರುದಿನ ಸಾಹೇಬರು ನನ್ನನ್ನು ಒಳಗೆ ಕರೆದು, ಒಂದು ಹಳೆಯ ಕಡತವನ್ನು ಮೇಜಿನ ಮೇಲಿಟ್ಟರು. ನಮ್ಮಕ್ಕನದು. ನನಗೋಸ್ಕರವೇ ದಾಖಲೆ ಕೋಣೆಯಿಂದ ತೆಗೆಸಿದ್ದರು. ಆಗ ವಿಚಾರಿಸಿದವರ ಪಟ್ಟಿಯಲ್ಲಿ ಇವನ ಹೆಸರೂ ಇದೆ, ಆ ವಾರ ಆ ಮನೆಗೆ ಹೋಗಲೇ ಇಲ್ಲ ಎಂದಿದ್ದಾನೆ, ಈಗಲೂ ಅದನ್ನೇ ಹೇಳುತ್ತಿದ್ದಾನೆ ಎಂದರು. ಆಮೇಲೆ ಮೆತ್ತಗೆ ಹೇಳಿದರು: “ಅವನು ಅವತ್ತು ಒಳಗೆ ಕೂತಿದ್ದ ಅನ್ನೋಕೆ ಒಂದೇ ಒಂದು ಗುರುತು ಬೇಕು ರೈಟರಮ್ಮ. ಒಂದು ಲೋಟ, ಒಂದು ಕಡ್ಡಿ. ಮಹಜರಿನಲ್ಲಿ ಏನೂ ಇಲ್ಲ. ಮೀಸೆ ಸಾಹೇಬರನ್ನ ಬರೋಕೆ ಹೇಳಿದೀನಿ, ಅವರಿಗೇನಾದ್ರೂ ನೆನಪಿದ್ಯಾ ನೋಡೋಣ.”

ಗುರುತು ಅವರ ಎದುರೇ ನಿಂತಿತ್ತು. ಬಾಯಿ ಬಿಟ್ಟರೆ ಸಾಕ್ಷ್ಯ ಅಳಿಸಿದವಳು, ಅದನ್ನು ಮುಚ್ಚಿಟ್ಟು ಸಮವಸ್ತ್ರ ಹಾಕಿಕೊಂಡವಳು ಎಂದು ಕೆಲಸ ಹೋಗುತ್ತದೆ, ಕೇಸೂ ಬೀಳಬಹುದು. ಅದೂ ಹೋಗಲಿ, ಅಮ್ಮನಿಗೆ ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ನಮ್ಮಕ್ಕನ ಕಡತ ಹದಿನಾರು ಹಾಳೆಗೇ ಕೊನೆಯಾಗುತ್ತದೆ. ನಾನು ಸರಿ ಸಾರ್ ಎಂದು ಹೊರಗೆ ಬಂದೆ.

ಹನ್ನೊಂದನೇ ದಿನ ಮೀಸೆ ಸಾಹೇಬರು ಬಂದರು. ಮೀಸೆ ಬೋಳಿಸಿದ್ದರು, ಕೈಯಲ್ಲಿ ಕೋಲಿತ್ತು. ಏನಾದರೂ ಕಂಡಿದ್ದಿರಾ ಎಂದು ಸಾಹೇಬರು ಕೇಳಿದಾಗ, ಮಹಜರಿನಲ್ಲಿ ಇರುವುದಷ್ಟೇ ನನಗೆ ಗೊತ್ತಿರುವುದು ಎಂದರು. ಸಾಹೇಬರಿಗೆ ಮೇಲಿನ ಕಚೇರಿಯಿಂದ ಫೋನ್ ಬಂದು ಆಚೆ ಹೋದರು. ನಾನು ನೀರಿನ ಲೋಟ ತಂದು ಮುಂದಿಟ್ಟೆ. ಅವರು ಲೋಟವನ್ನೇ ನೋಡುತ್ತಾ ಹೇಳಿದರು.

“ಅವತ್ತು ಬಚ್ಚಲಲ್ಲಿ ಎರಡು ಲೋಟ ಬೋರಲು ಹಾಕಿದ್ವು. ಉಳಿದ ಪಾತ್ರೆಯೆಲ್ಲ ಒಣಗಿತ್ತು, ಅವೆರಡು ಒದ್ದೆ. ನಿನ್ನ ತೋಳೂ ಮೊಣಕೈವರೆಗೆ ಒದ್ದೆಯಿತ್ತು ಮಗಳೇ.”

ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ಬರೆದಿದ್ರೆ ನಿನ್ನನ್ನೇ ಒಳಗೆ ಹಾಕ್ಬೇಕಿತ್ತು. ಒಂದೇ ವಾರದಲ್ಲಿ ನಿಮ್ಮಮ್ಮ ಎರಡು ಮಕ್ಕಳನ್ನ ಕಳ್ಕೊಳ್ಳೋದಾ? ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ನೀನು ಯೂನಿಫಾರ್ಮ್ ಹಾಕ್ಕೊಂಡು ಬಂದು ಸೆಲ್ಯೂಟ್ ಹೊಡೆದೆ. ಆಮೇಲೆ ಕೇಳೋಕೆ ನನಗೇ ಬಾಯಿ ಬರಲಿಲ್ಲ. ದಯೆ ತೋರಿಸಿದೀನಿ ಅಂದ್ಕೊಂಡಿದ್ದೆ. ಈಗ ಇನ್ನೊಂದು ಹೆಣ್ಣಿನ ಜೀವ ಹೋಯ್ತು. ಅದರಲ್ಲಿ ನನ್ನ ಪಾಲೂ ಇದೆ.”

ನಮ್ಮಮ್ಮ ದಿನಾ ಶಾಪ ಹಾಕುತ್ತಿದ್ದದ್ದು ಅವರಿಗೆ ಗೊತ್ತಿತ್ತಂತೆ. ಹಾಕಲಿ ಬಿಡು, ಯಾರಿಗಾದರೂ ಹಾಕಬೇಕಲ್ಲ ಎಂದರು. ಆ ಮನುಷ್ಯನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತೆರಡು ವರ್ಷ ಬೇರೆಯವರ ಪಾಲಿನ ಬೈಗುಳ ತಿಂದು ಸುಮ್ಮನಿರುವ ತಾಕತ್ತು ನನಗೆಲ್ಲಿಂದ ಬರಬೇಕು? ಅವರು ನೀರು ಕುಡಿಯದೆಯೇ ಎದ್ದು ಹೋದರು. ಹೋಗುವಾಗ ಹೇಳು ಎಂದಾಗಲಿ ಹೇಳಬೇಡ ಎಂದಾಗಲಿ ಅನ್ನಲಿಲ್ಲ.

ಹೊರಗೆ ಬಂದರೆ ಬೆಂಚಿನ ಮೇಲೆ ಆ ಹುಡುಗಿ ಕೂತಿದ್ದಳು, ನಮ್ಮಮ್ಮ ಕೂರುತ್ತಿದ್ದ ಅದೇ ತುದಿಯಲ್ಲಿ. ಅಕ್ಕ ಹೊಲಿಯುತ್ತಿದ್ದ ಶಾಲೆಯ ಅಂಗಿಗಳನ್ನು ಮಕ್ಕಳ ಮನೆಯವರು ಕೇಳುತ್ತಿದ್ದಾರೆ, ಯಾವಾಗ ಸಿಗಬಹುದು ಎಂದು ವಿಚಾರಿಸಲು ಬಂದಿದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ. ಹನ್ನೊಂದು ದಿನದಲ್ಲಿ ಮೊದಲ ಸಲ. ಅಷ್ಟು ಹೊತ್ತು ಒಳಗೆ ಹೋಗದೆ ಹೇಗೆ ನಿಂತೆ ಎಂದು ಕೇಳಿದೆ. ಹೊಗಳಿಕೆ ಅದರಲ್ಲಿ ಇರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಅಭ್ಯಾಸ ಎಂದಳು. ಕಾಲು ಮುಂದೆ ಹೋಗುತ್ತಿತ್ತು, ಬಾಯಿ ಮುಟ್ಟಬೇಡಿ ಎನ್ನುತ್ತಿತ್ತು ಎಂದಳು. ಆಮೇಲೆ ನನ್ನನ್ನೇ ನೋಡಿ, “ಎಲ್ಲರೂ ಶಭಾಷ್ ಅಂತಾರೆ. ನಾನು ನಮ್ಮಕ್ಕನ್ನ ಮುಟ್ಟಲೇ ಇಲ್ಲ. ಆಸ್ಪತ್ರೆಯಿಂದ ಹೊಲಿದು, ಸುತ್ತಿ ಕೊಟ್ರು. ಆಗ ಮುಟ್ಟಿದೆ. ಅದು ಅವಳಲ್ಲ,” ಎಂದಳು.

ಆಗ ನಾನು ಹೇಳಿದೆ. ಒರೆಸಿದ ಮುಖ, ಲೋಟ, ಕಡ್ಡಿ, ಜಾಲರಿ, ಬೆರಳು, ಒಂದನ್ನೂ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ್ದನ್ನು, ಅದನ್ನು ಕೇಳಲೇಬಾರದ ಒಬ್ಬಳಿಗೆ ಹೇಳಿದೆ. ಕೊನೆಗೆ, “ನಾನು ಅವತ್ತು ತೊಳೀದೆ ಇದ್ದಿದ್ರೆ ಅವನು ಆಗಲೇ ಜೈಲಲ್ಲಿ ಇರ್ತಿದ್ದ. ನಿಮ್ಮಕ್ಕ ಇರ್ತಿದ್ಳು,” ಎಂದೆ.

ಅವಳು ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಎದ್ದು ಬಾಗಿಲವರೆಗೆ ಹೋದಳು, ಚೌಕಟ್ಟಿಗೆ ಒಂದು ಕೈ ಒತ್ತಿ ನಿಂತಳು. ನಾನು ಎದ್ದೇಳಲಿಲ್ಲ. ಅವಳು ವಾಪಸು ಬಂದು, ಕೂರದೆ, ನನ್ನ ಕೈಗಳನ್ನೇ ನೋಡುತ್ತಾ ಕೇಳಿದಳು.

“ಮುಖ ಒರೆಸಿದ್ರಾ?”

ಹೂಂ ಎಂದೆ.

“ಬೆಚ್ಚಗಿತ್ತಾ?”

ಇತ್ತು ಎಂದೆ. ಕೆನ್ನೆ ಇನ್ನೂ ಬೆಚ್ಚಗಿತ್ತು, ಕೂದಲಿನಲ್ಲಿ ಅವಳು ದಿನಾ ಹಾಕುವ ಎಣ್ಣೆಯ ವಾಸನೆ ಇತ್ತು. ಇದನ್ನೂ ಹೇಳಿದೆ.

ಅವಳ ಕಣ್ಣಿನಲ್ಲಿ ಆಗ ಬಂದದ್ದನ್ನು ನಾನು ಕೂಡಲೇ ಗುರುತು ಹಿಡಿದೆ. ಹನ್ನೊಂದು ದಿನದಿಂದ ನನ್ನ ಕಣ್ಣಿನಲ್ಲಿ ನಾನೇ ಬಚ್ಚಿಡುತ್ತಿದ್ದದ್ದು ಅದು. ಎಲ್ಲವನ್ನೂ ಹಾಳು ಮಾಡಿದ ನನ್ನ ಕೈಗಳ ಮೇಲೆ, ಅವು ಹಿಡಿದಿದ್ದ ಮುಖದ ಮೇಲೆ, ಅವಳಿಗೆ ಹೊಟ್ಟೆಕಿಚ್ಚು. ಕ್ಷಮೆ ಅದರಲ್ಲಿ ಒಂದಿಷ್ಟೂ ಇರಲಿಲ್ಲ.

“ಒಳಗೆ ಹೋಗಿ ಹೇಳಿ ಮೇಡಂ,” ಎಂದಳು.

ಅಕ್ಕ ಅನ್ನಬೇಡ ಎಂದವಳು ನಾನೇ. ಅವಳು ಈಗ ನನ್ನ ಮಾತು ನಡೆಸಿದ್ದಳು, ಅದು ನನಗೆ ತಾಗಿತು.

ಸಾಹೇಬರು ಫೋನ್ ಮುಗಿಸಿ ಬಂದಿದ್ದರು. ನಾನು ಎಂದಿನ ಜಾಗದಲ್ಲಿ ಕೂರದೆ ಅವರ ಎದುರಿನ ಕುರ್ಚಿಯಲ್ಲಿ, ಸಾಕ್ಷಿಗಳನ್ನು ಕೂರಿಸುವ ಕುರ್ಚಿಯಲ್ಲಿ ಕೂತೆ. ಪ್ಯಾಡು ಪೆನ್ನು ಅವರ ಕಡೆ ತಳ್ಳಿ, “ನನ್ನ ಹೇಳಿಕೆ ನಾನೇ ಬರ್ಕೊಳ್ಳೋ ಹಾಗಿಲ್ಲ ಸಾರ್, ನೀವು ಬರೀಬೇಕು,” ಎಂದೆ. ಅವರು ಮೊದಲು ನಕ್ಕರು. ನಾನು ಎರಡನೇ ವಾಕ್ಯ ಹೇಳುವಷ್ಟರಲ್ಲಿ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

ಅವರ ಅಕ್ಷರ ಕಾಗೆಕಾಲು ಗುಬ್ಬಿಕಾಲು. ತಲೆ ಬಗ್ಗಿಸಿ ನಿಧಾನವಾಗಿ ಬರೆದರು. ಹೆಸರು, ವಯಸ್ಸು, ಹುದ್ದೆ. ಹುದ್ದೆ ಎಂಬಲ್ಲಿ ಅವರ ಕೈ ಒಂದು ಕ್ಷಣ ತಡೆಯಿತು. ಈ ಕೆಲಸ ನಿಮಗೆ ಉಳಿಯೋದು ಕಷ್ಟ, ಮನೆಯಲ್ಲಿ ಅಮ್ಮನಿಗೆ ಗೊತ್ತಾ ಎಂದು ಕೇಳಿದರು. ಸಂಜೆ ನಾನೇ ಹೇಳುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದೆ. ನಾಳೆ ಬೆಳಗ್ಗೆ ಮುಖ ತೊಳೆಯುವಾಗ ಅಮ್ಮ ಯಾರಿಗೆ ಶಾಪ ಹಾಕುತ್ತಾಳೆ ಎಂದು ನನಗೆ ಗೊತ್ತಿತ್ತು. ಟವೆಲು ಹಿಡಿದು ನಿಲ್ಲುವುದಂತೂ ನಿಂತೇ ನಿಲ್ಲುತ್ತೇನೆ.

ಗಾಜಿನ ಕಿಟಕಿಯಾಚೆ ಬೆಂಚು ಕಾಣುತ್ತಿತ್ತು. ಹುಡುಗಿ ಹೋಗಿರಲಿಲ್ಲ. ಮಡಿಲಿನಲ್ಲಿ ಕೈ ಕಟ್ಟಿಕೊಂಡು ಈ ಕಡೆಯೇ ನೋಡುತ್ತಿದ್ದಳು, ಹೇಳಿ ಮುಗಿಸುತ್ತೇನೋ ಇಲ್ಲವೋ ಎಂದು ಕಾವಲು ಕೂತ ಹಾಗೆ.

ಸಾಹೇಬರು ಪೆನ್ನು ಎತ್ತಿ ಕೇಳಿದರು. “ಬಾಗಿಲು ತಳ್ಳಿ ಒಳಗೆ ಹೋದಿರಿ. ಮೊದಲು ಮುಟ್ಟಿದ್ದು ಏನನ್ನ?”

ಅವರ ಪೆನ್ನಿನ ತುದಿ ಆಗಲೇ ಕಾಗದಕ್ಕೆ ತಾಗಿತ್ತು. ಲೋಟ ಎಂದು ಬರೆಯಲು ಕಾಯುತ್ತಿದ್ದರು.

“ಅಕ್ಕನ್ನ,” ಎಂದೆ. “ಮೊದಲು ಅಕ್ಕನ್ನ. ಅದನ್ನೂ ಬರ್ಕೊಳ್ಳಿ ಸಾರ್.”